ಪರದೆಯ ಲಾಕ್ ಕುಸಿದು ಕಪ್ಪು ಪರದೆ ಬರುತ್ತಿದೆ: ಡೆಬಿಯನ್ 12, ಪ್ಲಾಸ್ಮಾ 5.27 [ಪರಿಹಾರವಾಗಿದೆ]

ಬೆಟಗೇರಿ_ಅಚ್ಚು

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ, ಅಂಗಡಿ ಬೋರ್ಡುಗಳ ವಿನ್ಯಾಸ ಮಾಡಿಕೊಡುತ್ತೇವೆ. ಕಂಪ್ಯೂಟರ್ ಹಳೆಯದು: 4 ಜಿಬಿ ರ‍್ಯಾಮ್, ಇಂಟೆಲ್ ಗ್ರಾಫಿಕ್ಸ್, ಲಿನಕ್ಸ್‌ನ ಡೆಬಿಯನ್ 12, ಅದರ ಮೇಲೆ ಕೆಡಿಇ ಪ್ಲಾಸ್ಮಾ 5.27 ಡೆಸ್ಕ್‌ಟಾಪ್, ಪರದೆ ಮೂಡಿಸಲು ಹಳೆಯ ಎಕ್ಸ್11 ವ್ಯವಸ್ಥೆ. ಗಿರಾಕಿಗಳ ಆಧಾರ್ ಪ್ರತಿ, ಫೋಟೋ ಎಲ್ಲ ಇದರಲ್ಲೇ ಇರುವುದರಿಂದ ಎದ್ದು ಹೋಗುವಾಗ ಲಾಕ್ ಮಾಡಿಯೇ ಹೋಗುತ್ತೇನೆ.

ಮರಳಿ ಬಂದು ನೋಡಿದರೆ ಕೆಲವೊಮ್ಮೆ ಪಾಸ್‌ವರ್ಡ್ ಕೇಳುವ ಜಾಗವೇ ಇರುವುದಿಲ್ಲ. ಕಪ್ಪು ಪರದೆಯ ಮೇಲೆ, ಸ್ಕ್ರೀನ್ ಲಾಕರ್ ಕೆಟ್ಟಿದೆ, ಇನ್ನು ತೆರೆಯಲಾಗದು, ಕಂಟ್ರೋಲ್-ಆಲ್ಟ್-ಎಫ್2 ಒತ್ತಿ ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಗಿರಾಕಿ ಎದುರಿಗೆ ನಿಂತಿರುವಾಗ ಅದನ್ನೆಲ್ಲ ಓದುತ್ತ ಕೂರಲು ಆಗುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡುತ್ತೇನೆ. ಬೆಳಿಗ್ಗೆ ಅಂಗಡಿ ತೆರೆದಾಗ ಒಮ್ಮೆಯೂ ಹೀಗಾಗಿಲ್ಲ. ಕೈತುಂಬ ಕೆಲಸ ಇರುವಾಗಲೇ ಆಗುತ್ತದೆ.

ಬ್ಯಾಡಗಿ_ಖಾರ

ಸರ್, ಇದು ಗ್ರಾಫಿಕ್ಸ್ ಡ್ರೈವರಿನ ತೊಂದರೆ. ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಇಲ್ಲವೇ ಲಾಕ್ ಅನ್ನೇ ತೆಗೆದುಹಾಕಿ, ನಾನು ಹಾಗೆಯೇ ಮಾಡಿದ್ದೇನೆ.

ಉಣಕಲ್_ದಂಡೆ

ಅಳಿಸುವುದು, ಹೊಸದಾಗಿ ಹಾಕುವುದು ಸದ್ಯಕ್ಕೆ ಬೇಡ. ಇಡೀ ದಿನ ಹಾಳು, ಕಾರಣವೂ ತಿಳಿಯುವುದಿಲ್ಲ. ಅಂಗಡಿಯಲ್ಲಿ ಜನರ ಆಧಾರ್ ಇಟ್ಟುಕೊಂಡು ಲಾಕ್ ತೆಗೆಯುವುದಂತೂ ಸಲಹೆಯೇ ಅಲ್ಲ.

ಆ ನಾಲ್ಕು ಸಾಲು ನಿಮ್ಮ ಕೆಲಸ ಉಳಿಸಲೆಂದೇ ಇರುವುದು. ಪ್ಲಾಸ್ಮಾದಲ್ಲಿ ಪರದೆಯನ್ನು ಹಿಡಿದಿಡುವ ಭಾಗ ಬೇರೆ, ಪಾಸ್‌ವರ್ಡ್ ಕೇಳುವ ‘ಗ್ರೀಟರ್’ ಬೇರೆ. ಗ್ರೀಟರ್ ಬಿದ್ದರೂ ಪರದೆ ಬಯಲಾಗುವುದಿಲ್ಲ. ಎಕ್ಸ್11ನ ಹಳೆಯ ಲಾಕರ್‌ಗಳಲ್ಲಿ ಲಾಕರ್ ಸತ್ತರೆ ಹಿಂದಿನ ಡೆಸ್ಕ್‌ಟಾಪ್ ಹಾಗೆಯೇ ಕಾಣಿಸಿಬಿಡುತ್ತಿತ್ತು. 2021ರಲ್ಲಿ ಸಿನಮನ್ ಡೆಸ್ಕ್‌ಟಾಪ್‌ನ ಲಾಕರ್, ಪರದೆಯ ಮೇಲಿನ ಕೀಲಿಮಣೆಯ ಒಂದು ಅಕ್ಷರ ಒತ್ತಿದರೆ ಕುಸಿದು ದಾರಿ ಬಿಡುತ್ತಿದ್ದದ್ದು ನೆನಪಿರಬಹುದು.

ಮುಂದಿನ ಸಲ ಪವರ್ ಬಟನ್ ಮುಟ್ಟಬೇಡಿ. ಕಂಟ್ರೋಲ್-ಆಲ್ಟ್-ಎಫ್2 ಒತ್ತಿ, ಬರೀ ಅಕ್ಷರಗಳ ಪರದೆ ಬಂದಾಗ ನಿಮ್ಮದೇ ಹೆಸರಿನಲ್ಲಿ ಲಾಗಿನ್ ಆಗಿ (ಪಾಸ್‌ವರ್ಡ್ ಹೊಡೆಯುವಾಗ ಚುಕ್ಕೆ ಕೂಡ ಮೂಡುವುದಿಲ್ಲ, ಗಾಬರಿಯಾಗಬೇಡಿ). ‘ಲಾಗಿನ್‌ಸಿಟಿಎಲ್ ಅನ್‌ಲಾಕ್-ಸೆಷನ್’ ಎಂಬ ಆದೇಶ ಕೊಟ್ಟು, ಪಕ್ಕದಲ್ಲಿ ಆ ಸಂದೇಶದಲ್ಲೇ ಇರುವ ಸೆಷನ್ ಸಂಖ್ಯೆ ಹಾಕಿ. ‘ಎಕ್ಸಿಟ್’ ಹೊಡೆದು ಹೊರಬನ್ನಿ. ಅದನ್ನು ಮರೆತರೆ ಎಫ್2 ಹಿಂದೆ ನಿಮ್ಮ ಖಾತೆ ತೆರೆದೇ ಇರುತ್ತದೆ. ಆಮೇಲೆ ಸಂದೇಶ ಹೇಳಿದ ಎಫ್ ಕೀಲಿಗೆ ಮರಳಿ.

ಡ್ರೈವರ್ ಮೇಲೆ ನನಗೆ ಅನುಮಾನ ಕಡಿಮೆ. ಗ್ರೀಟರ್ ಮೊದಲ ಸಲ ಬಿದ್ದಾಗ ಪ್ಲಾಸ್ಮಾ ಅದನ್ನು ಸಾಫ್ಟ್‌ವೇರ್ ರೆಂಡರಿಂಗ್‌ನಲ್ಲಿ (ಗ್ರಾಫಿಕ್ಸ್ ಡ್ರೈವರ್ ಬಿಟ್ಟು ಪ್ರೊಸೆಸರ್‌ನಿಂದಲೇ ಪರದೆ ಮೂಡಿಸುವ ವಿಧಾನ) ಮತ್ತೆ ಎಬ್ಬಿಸಲು ನೋಡುತ್ತದೆ. ಹಲವು ಸಲ ಬಿದ್ದ ಮೇಲೆಯೇ ಈ ಸಂದೇಶ. ‘ಸಿಸ್ಟಮ್‌ಡಿ-ಕೋರ್‌ಡಂಪ್’ ಪ್ಯಾಕೇಜ್ ಹಾಕಿಟ್ಟುಕೊಳ್ಳಿ. ಪ್ರೋಗ್ರಾಂ ಕುಸಿದಾಗ ಅದರ ಮೆಮೊರಿಯ ಪ್ರತಿಯನ್ನು (ಕೋರ್ ಡಂಪ್) ಅದು ತೆಗೆದಿಡುತ್ತದೆ. ಮತ್ತೆ ಕುಸಿದಾಗ ‘ಕೋರ್‌ಡಂಪ್‌ಸಿಟಿಎಲ್ ಲಿಸ್ಟ್’ ಏನು ಹೇಳುತ್ತದೆ, ಕರ್ನಲ್‌ನ (ಸಿಸ್ಟಂನ ತಿರುಳು) ದಾಖಲೆ ತೋರಿಸುವ ‘ಜರ್ನಲ್‌ಸಿಟಿಎಲ್ -ಕೆ -ಬಿ’ ಕೊನೆಯಲ್ಲಿ ಏನಿದೆ, ಎರಡನ್ನೂ ತಿಳಿಸಿ.

ಬೆಟಗೇರಿ_ಅಚ್ಚು

ಖಾರದವರೇ, ಸರ್ ಅಲ್ಲ, ಅಕ್ಕ ಎನ್ನಿ.

ಉಣಕಲ್ ಅಣ್ಣ, ಇಂದು ಮಧ್ಯಾಹ್ನ ಮತ್ತೆ ಆಯಿತು. ನೀವು ಹೇಳಿದಂತೆ ಮಾಡಿದೆ, ತೆರೆಯಿತು. ಇಂಕ್‌ಸ್ಕೇಪ್‌ನಲ್ಲಿದ್ದ ಲಗ್ನಪತ್ರಿಕೆ ಹಾಗೆಯೇ ಇತ್ತು! ಬ್ರೌಸರ್‌ನ ಎರಡು ಟ್ಯಾಬ್ ಮಾತ್ರ ತಾವಾಗಿಯೇ ಸತ್ತಿದ್ದವು. ಕೋರ್‌ಡಂಪ್ ಪಟ್ಟಿ ಖಾಲಿ. ಜರ್ನಲ್‌ನಲ್ಲಿ ಕೆಂಪು ಸಾಲುಗಳಿವೆ: ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್’, ಆವರಣದಲ್ಲಿ ‘ಕೆಸ್ಕ್ರೀನ್‌ಲಾಕರ್_ಜಿ’. ಇದೇ ಸಾಲು ಮತ್ತೆ ಮತ್ತೆ ಬಂದಿದೆ. ಹೆಸರು ಅರ್ಧಕ್ಕೇ ನಿಂತಿದೆ, ಫೈಲ್ ಏನಾದರೂ ಕೆಟ್ಟಿದೆಯೇ?

ಉಣಕಲ್_ದಂಡೆ

ಹೆಸರು ಸರಿಯಾಗಿಯೇ ಇದೆ ಅಕ್ಕಾ. ಕರ್ನಲ್ ಪ್ರೊಸೆಸ್ ಹೆಸರಿನ ಮೊದಲ 15 ಅಕ್ಷರಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಪೂರ್ತಿ ಹೆಸರು ‘ಕೆಸ್ಕ್ರೀನ್‌ಲಾಕರ್_ಗ್ರೀಟ್’, ಅದೇ ಗ್ರೀಟರ್. ಕೊನೆಯ ‘ಗ್ರೀಟ್’ನಲ್ಲಿ ಇಂಗ್ಲಿಷಿನ ಮೊದಲಕ್ಷರ ‘ಜಿ’ ಮಾತ್ರ ಉಳಿಯಿತು.

ಕೋರ್ ಡಂಪ್ ಇಲ್ಲದಿರುವುದೇ ಇಲ್ಲಿ ಉತ್ತರ. ಪ್ರೋಗ್ರಾಂ ತನ್ನ ದೋಷದಿಂದ ಸತ್ತರೆ ಡಂಪ್ ಬಿಟ್ಟುಹೋಗುತ್ತದೆ. ಕರ್ನಲ್ 9ನೇ ಸಿಗ್ನಲ್ ಕೊಟ್ಟು ಕೊಂದರೆ ಬಿಡುವುದಿಲ್ಲ. ಅಂದರೆ ನಿಮ್ಮ ಲಾಕರ್ ಕುಸಿದಿಲ್ಲ, ಕೊಲೆಯಾಗಿದೆ. ಮೆಮೊರಿ ಮುಗಿದಾಗ ಕರ್ನಲ್ ಮುಖ್ಯವಾಗಿ ಯಾರು ಹೆಚ್ಚು ತಿಂದಿದ್ದಾರೆ ಎಂದು ನೋಡಿ ಬಲಿ ಆರಿಸುತ್ತದೆ. ಬ್ರೌಸರ್ ತನ್ನ ಟ್ಯಾಬ್‌ಗಳನ್ನು ಮೊದಲ ಬಲಿಯಾಗಿ ತಾನೇ ಮುಂದಿಡುತ್ತದೆ, ಆ ಎರಡು ಟ್ಯಾಬ್ ಹೋದದ್ದು ಹಾಗೆ. ಅಷ್ಟಕ್ಕೂ ಸಾಲದೆ ಗ್ರೀಟರ್‌ಗೆ ಕೈ ಹಾಕಿದೆ.

ಒಂದು ಪಾಸ್‌ವರ್ಡ್ ಪೆಟ್ಟಿಗೆ ಅಷ್ಟು ಮೆಮೊರಿ ತಿನ್ನುವುದೇಕೆ? ಲಾಕ್ ಪರದೆಗೆ ಯಾವ ಚಿತ್ರ ಹಾಕಿದ್ದೀರಿ?

ಬೆಟಗೇರಿ_ಅಚ್ಚು

ನಮ್ಮ ಅಂಗಡಿಯ ಬೋರ್ಡಿನ ವಿನ್ಯಾಸವನ್ನೇ ಹಾಕಿದ್ದೇನೆ, ಬಂದವರಿಗೆ ಹೆಸರು ಕಾಣಲಿ ಎಂದು. ಟಿಫ್ ಫೈಲ್, ಬರೀ 9 ಎಂಬಿ. ಬೋರ್ಡು 12 ಅಡಿ ಅಗಲ, 4 ಅಡಿ ಎತ್ತರ, 150 ಡಿಪಿಐ (ಇಂಚಿಗೆ 150 ಚುಕ್ಕೆ).

ಉಣಕಲ್_ದಂಡೆ

ಸಿಕ್ಕಿತು. ಲೆಕ್ಕ ಹಾಕೋಣ. 12 ಅಡಿ ಎಂದರೆ 144 ಇಂಚು, 150ರಿಂದ ಗುಣಿಸಿದರೆ 21,600 ಪಿಕ್ಸೆಲ್. 4 ಅಡಿಗೆ 7,200. ಒಟ್ಟು 15.5 ಕೋಟಿ ಪಿಕ್ಸೆಲ್, ಒಂದೊಂದಕ್ಕೆ 4 ಬೈಟ್: ಸುಮಾರು 622 ಎಂಬಿ. ಡಿಸ್ಕಿನಲ್ಲಿ 9 ಎಂಬಿ ಇರುವುದು ಒತ್ತಿ ಕಟ್ಟಿದ ಗಾತ್ರ. ಸಂಡಿಗೆ ಎಣ್ಣೆಗೆ ಬಿದ್ದ ಮೇಲೆ ತಾನೇ ಅದರ ನಿಜವಾದ ಅಗಲ ತಿಳಿಯುವುದು. ಟಿಫ್ ಅನ್ನು ಕ್ಯೂಟಿ (ಪ್ಲಾಸ್ಮಾಕ್ಕೆ ಅಡಿಪಾಯವಾದ ಸಾಫ್ಟ್‌ವೇರ್) ಪೂರ್ತಿ ಬಿಡಿಸಿಕೊಂಡ ಮೇಲೆಯೇ ಪರದೆಯ ಅಳತೆಗೆ ಕಿರಿದು ಮಾಡುತ್ತದೆ, ಆಗ ಇನ್ನೊಂದು ಪ್ರತಿಗೂ ಜಾಗ ಬೇಕಾಗಬಹುದು. ಬೆಳಿಗ್ಗೆ ಮೆಮೊರಿ ಖಾಲಿ ಇರುತ್ತದೆ, ನಡೆಯುತ್ತದೆ. ಮಧ್ಯಾಹ್ನ ಇಂಕ್‌ಸ್ಕೇಪ್, ಬ್ರೌಸರ್, ಪಿಡಿಎಫ್ ಎಲ್ಲ ತೆರೆದಿರುವಾಗ 4 ಜಿಬಿ ಎಲ್ಲಿ ಸಾಲಬೇಕು? ಎಷ್ಟು ಸಲ ಎಬ್ಬಿಸಿದರೂ ಅದೇ ಚಿತ್ರ, ಅದೇ ಸಾವು. ಸಾಫ್ಟ್‌ವೇರ್ ರೆಂಡರಿಂಗ್ ಉಪಯೋಗಕ್ಕೆ ಬಾರದೇ ಹೋದದ್ದೂ ಇದಕ್ಕೇ.

ಗಿಂಪ್‌ನಲ್ಲಿ ಅದನ್ನು ನಿಮ್ಮ ಮಾನಿಟರಿನ ಅಳತೆಗೆ, 1920×1080 ಎಂದುಕೊಳ್ಳೋಣ, ಇಳಿಸಿ ಜೆಪೆಗ್ ಆಗಿ ಬೇರೆ ಹೆಸರಿನಲ್ಲಿ ಉಳಿಸಿ. ಬಿಡಿಸಿದರೂ 8.3 ಎಂಬಿ ಅಷ್ಟೇ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ವರ್ಕ್‌ಸ್ಪೇಸ್ ಬಿಹೇವಿಯರ್, ಅದರೊಳಗೆ ಸ್ಕ್ರೀನ್ ಲಾಕಿಂಗ್‌ಗೆ ಹೋಗಿ ಲಾಕ್ ಪರದೆಯ ಚಿತ್ರ ಬದಲಿಸಿ. ಡೆಸ್ಕ್‌ಟಾಪ್ ಚಿತ್ರದ ಆಯ್ಕೆ ಬೇರೆ, ಅದನ್ನು ಬದಲಿಸಿದರೆ ಇದು ಬದಲಾಗದು.

ಬ್ಯಾಡಗಿ_ಖಾರ

ಅಕ್ಕಾ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಹೆಚ್ಚಿಸಿದರೂ ಸಾಕಲ್ಲವೇ? ಡೆಬಿಯನ್ 12 ತಾನಾಗಿ ಕೊಡುವ ಸ್ವಾಪ್ ಹೆಚ್ಚೆಂದರೆ 1 ಜಿಬಿ.

ಉಣಕಲ್_ದಂಡೆ

ಹಾಕಿಕೊಳ್ಳಲಿ, 4 ಜಿಬಿ ಯಂತ್ರಕ್ಕೆ ಹೇಗೂ ಒಳ್ಳೆಯದು. ಆದರೆ ಅದೊಂದನ್ನೇ ಮಾಡಿದರೆ ಲಾಕರ್ ಸಾಯುವ ಬದಲು ತೆವಳುತ್ತದೆ: ಹಾರ್ಡ್ ಡಿಸ್ಕ್ ಗರಗರ ಎನ್ನುತ್ತಿರುತ್ತದೆ, ಪಾಸ್‌ವರ್ಡ್ ಪೆಟ್ಟಿಗೆ ಸಾವಕಾಶವಾಗಿ ಬರುತ್ತದೆ. ಮೊದಲು ಚಿತ್ರ.

ಬೆಟಗೇರಿ_ಅಚ್ಚು

ಚಿತ್ರ ಬದಲಿಸಿದೆ. ಬದಲಿಸುವ ಮೊದಲು ಒಂದು ಕಡೆ, ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ತೋರಿಸುವ ‘ಟಾಪ್’ ತೆರೆದಿಟ್ಟು, ಇನ್ನೊಂದು ಟರ್ಮಿನಲ್‌ನಲ್ಲಿ ಗ್ರೀಟರ್ ಅನ್ನು ‘--ಟೆಸ್ಟಿಂಗ್’ ಎಂದು ಓಡಿಸಿ ನೋಡಿದೆ. ಮೆಮೊರಿಯ ಅಂಕಿ ಕಣ್ಣೆದುರಿಗೇ ಸರಸರ ಏರಿತು. ಈಗ ಏರುತ್ತಿಲ್ಲ. ಎಲ್ಲ ಪ್ರೋಗ್ರಾಂ ತೆರೆದಿಟ್ಟೇ ಬೇಕೆಂದು ಪದೇ ಪದೇ ಲಾಕ್ ಮಾಡಿದೆ, ಪ್ರತಿ ಸಲವೂ ಪಾಸ್‌ವರ್ಡ್ ಪೆಟ್ಟಿಗೆ ತಕ್ಷಣ ಬಂತು. ಡೆಬಿಯನ್ 13ಕ್ಕೆ ಏರಿಸಿದರೆ ಹಳೆಯ ಟಿಫ್ ಅನ್ನೇ ಇಟ್ಟುಕೊಳ್ಳಬಹುದೇ?

ಉಣಕಲ್_ದಂಡೆ

ಅದರಲ್ಲಿ ಪ್ಲಾಸ್ಮಾ 6 ಇದೆ, ಕ್ಯೂಟಿ 6ರ ಮೇಲೆ ನಡೆಯುತ್ತದೆ. ಒಂದು ಚಿತ್ರಕ್ಕೆ ಇಷ್ಟೇ ಮೆಮೊರಿ ಎಂಬ ಮಿತಿ ಕ್ಯೂಟಿ 6ರಲ್ಲಿ ಇದೆ. 622 ಎಂಬಿ ಬೇಡುವ ಚಿತ್ರವನ್ನು ಅದು ತೆರೆಯಲು ಒಪ್ಪುವುದಿಲ್ಲ. ಲಾಕರ್ ಉಳಿಯುತ್ತದೆ, ಬೋರ್ಡು ಕಾಣುವುದಿಲ್ಲ. ಜೆಪೆಗ್ ಅನ್ನೇ ಇಟ್ಟುಕೊಳ್ಳಿ.