ಪಟ್ಟಿ ಬಿಡಿ, ತುಂಗೆಯ ದಡ ಹಿಡಿಯಿರಿ

ಎಲ್ಲರಿಗೂ ನಮಸ್ಕಾರ. ಇದು ಸ್ವಲ್ಪ ಉದ್ದ ಆಗುತ್ತದೆ, ಕೈಕೆಲಸ ಮಾಡುತ್ತಾ ಕೇಳಿಸಿಕೊಳ್ಳಿ. ನಿನ್ನೆ ಅಕ್ಕ ಕೇಳಿದ್ದಳಲ್ಲ, ದಸರಾ ರಜೆಯಲ್ಲಿ ಮೂರು ದಿನ ಸಿಗುತ್ತದೆ, ಹೊಳೆ ಇರುವ ಚಿಕ್ಕ ಊರು ಯಾವುದಾದರೂ ಹೇಳಿ, ಅಮ್ಮನೂ ಬರುತ್ತಾರೆ, ಮಕ್ಕಳೂ ಇರುತ್ತಾರೆ ಅಂತ. ಅದಕ್ಕೆ ಭಾವ ಒಂದು ಪಟ್ಟಿ ಹಾಕಿದರು. ಶ್ರೀರಂಗಪಟ್ಟಣ, ತಲಕಾಡು, ಶಿವನಸಮುದ್ರ, ಆಮೇಲೆ ಶೃಂಗೇರಿ, ಹೊರನಾಡು, ತೀರ್ಥಹಳ್ಳಿ, ಬರುವಾಗ ಹರಿಹರ. ಭಾವ, ಬೇಜಾರು ಮಾಡಿಕೊಳ್ಳಬೇಡಿ. ಈ ಪಟ್ಟಿ ಹಿಡಿದು ಹೊರಟರೆ ಅಮ್ಮ ಮೂರು ದಿನವೂ ಕಾರಿನಲ್ಲೇ ಕೂತಿರಬೇಕಾಗುತ್ತದೆ.

ಒಂದು ಹೊಳೆ ಹಿಡಿಯಿರಿ, ಅದರ ದಡದ ಒಂದೇ ಊರಲ್ಲಿ ಎರಡು ರಾತ್ರಿ ಉಳಿಯಿರಿ ಅಂತ ನಾನು ಹೇಳುವುದು. ಒಂದು ದಿನ ಹೊಳೆಯ ಮೇಲ್ಭಾಗಕ್ಕೆ ಹೋಗಿ ಬನ್ನಿ. ವಾಪಸ್ ಬರುವ ದಿನ ಕೆಳಭಾಗ ನೋಡಿಕೊಂಡು ಬನ್ನಿ. ಯಾವ ಹೊಳೆ ಅಂದರೆ ತುಂಗೆ, ಯಾವ ಊರು ಅಂದರೆ ತೀರ್ಥಹಳ್ಳಿ. ಶೃಂಗೇರಿ ಅಂತ ಎಲ್ಲರೂ ಹೇಳುತ್ತಾರೆ, ಅದೂ ಸರಿಯೇ. ಆದರೆ ಉಳಿಯುವುದಕ್ಕೆ ತೀರ್ಥಹಳ್ಳಿಯೇ ವಾಸಿ. ಅದು ಯಾತ್ರಿಕರಿಗಾಗಿ ಇರುವ ಊರಲ್ಲ. ತನ್ನ ಪಾಡಿಗೆ ತಾನು ಇರುವ ಊರು. ಅಂಗಡಿ, ಶಾಲೆ, ಅಡಿಕೆ ವ್ಯಾಪಾರ, ಪಕ್ಕದಲ್ಲಿ ಹೊಳೆ. ಸಂಜೆ ಊರಿನವರೇ ದಡಕ್ಕೆ ಬಂದು ಕೂರುತ್ತಾರೆ.

ತೀರ್ಥಹಳ್ಳಿಯಲ್ಲಿ ಮೊದಲು ರಾಮೇಶ್ವರ ದೇವಸ್ಥಾನದ ಕಡೆಯಿಂದ ಹೊಳೆಗೆ ಇಳಿಯಿರಿ. ನೀರಿನ ಮಧ್ಯೆ ಬಂಡೆಯ ಮೇಲೆ ಒಂದು ಕಲ್ಲಿನ ಮಂಟಪ ಕಾಣುತ್ತದೆ. ಅದೇ ರಾಮಮಂಟಪ. ಪರಶುರಾಮ ತಾಯಿಯ ತಲೆ ಕಡಿದ ಮೇಲೆ ಕೊಡಲಿಯ ರಕ್ತದ ಕಲೆ ಎಲ್ಲಿ ತೊಳೆದರೂ ಹೋಗಲಿಲ್ಲವಂತೆ, ಇಲ್ಲಿ ಅದ್ದಿದ ಮೇಲೆ ಹೋಯಿತಂತೆ. ಊರಿಗೆ ಆ ಹೆಸರು ಬಂದದ್ದೂ ಈ ತೀರ್ಥದಿಂದಲೇ. ಎಳ್ಳಮಾವಾಸ್ಯೆಗೆ ಇಲ್ಲಿ ದೊಡ್ಡ ಜಾತ್ರೆ, ತೆಪ್ಪೋತ್ಸವ ಎಲ್ಲ ಇರುತ್ತದೆ. ಆಗ ಹೋದರೆ ಊರು ಗಿಜಿಗಿಜಿ ಅನ್ನುತ್ತದೆ. ಜಾತ್ರೆ ಇಷ್ಟ ಇರುವವರಿಗೆ ಅದೂ ಚೆನ್ನ. ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಬೇಡ.

ಈ ಮಂಟಪದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ನನಗೆ ತುಂಬಾ ಇಷ್ಟದ ವಿಷಯ ಇದು. ಹೊಳೆ ದಡದ ಊರುಗಳಲ್ಲಿ ನೀರು ಎಷ್ಟು ಬಂದಿದೆ ಅಂತ ಕೇಳಿದರೆ ಯಾರೂ ಕ್ಯೂಸೆಕ್ ಲೆಕ್ಕ ಹೇಳುವುದಿಲ್ಲ. ಮಂಟಪ ಮುಳುಗಿತಾ ಇಲ್ವಾ ಅಂತ ಹೇಳುತ್ತಾರೆ. ತೀರ್ಥಹಳ್ಳಿಯಲ್ಲಿ ರಾಮಮಂಟಪ. ಶೃಂಗೇರಿಯಲ್ಲಿ ಕಪ್ಪೆ ಶಂಕರ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಇರುವ ಮಂಟಪ, ಅದು ಮುಳುಗಿದರೆ ಮಾತ್ರ ತುಂಗೆ ತುಂಬಿದಳು ಅಂತ ಅಲ್ಲಿಯವರು ಒಪ್ಪುತ್ತಾರೆ, ಆಮೇಲೆ ಬಾಗಿನದ ಮಾತು. ಹಾಗೇ ಕೆಳಗೆ ಹಂಪಿಗೆ ಹೋದರೆ ಪುರಂದರ ಮಂಟಪ. ಕಬಿನಿ ಕಡೆ ಹೋದರೆ ನಂಜನಗೂಡಿನ ಹದಿನಾರು ಕಾಲು ಮಂಟಪ. ಮಳೆಗಾಲದಲ್ಲಿ ಪ್ರತಿ ವರ್ಷ ಪೇಪರಿನಲ್ಲಿ ಇವುಗಳ ಫೋಟೋ ಬರುತ್ತದೆ, ನೋಡಿಯೇ ಇರುತ್ತೀರಿ. ಮಕ್ಕಳಿಗೆ ಇದನ್ನು ಹೇಳಿ ಕರೆದುಕೊಂಡು ಹೋಗಿ. ಜುಲೈನ ಫೋಟೋ ಒಂದು ಫೋನಿನಲ್ಲಿ ಇಟ್ಟುಕೊಳ್ಳಿ. ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ ನಿಂತು ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅವರೇ ಹುಡುಕಲಿ. ಕಂಬದ ಮೇಲಿನ ಕೆಸರಿನ ಗುರುತು, ಕೊಂಬೆಗೆ ಸಿಕ್ಕಿಕೊಂಡ ಕಸ, ಎಲ್ಲ ಗೊತ್ತಾಗುತ್ತದೆ. ಅರ್ಧ ಗಂಟೆ ಮೊಬೈಲ್ ಕೇಳುವುದಿಲ್ಲ, ಗ್ಯಾರಂಟಿ.

ಸಮಯದ ಬಗ್ಗೆ. ಅಕ್ಕಾ, ನವರಾತ್ರಿಯ ದಿನಗಳಲ್ಲೇ ಹೊರಡಬೇಡ. ಶೃಂಗೇರಿಯಲ್ಲಿ ಶರನ್ನವರಾತ್ರಿ ದೊಡ್ಡ ಹಬ್ಬ, ಶಾರದಾಂಬೆಗೆ ದಿನಕ್ಕೊಂದು ಅಲಂಕಾರ. ಜನ ಜಾಸ್ತಿ, ರೂಮು ಸಿಗುವುದು ಕಷ್ಟ. ವಿಜಯದಶಮಿ ಮುಗಿದ ಮೇಲೂ ಶಾಲೆಗೆ ಸಾಮಾನ್ಯವಾಗಿ ಕೆಲವು ದಿನ ರಜೆ ಇರುತ್ತದಲ್ಲ, ಆಗ ಹೋಗು. ಹೊಳೆಯಲ್ಲಿ ನೀರು ಇರುತ್ತದೆ, ಕೆಂಪು ಇಳಿದು ತಿಳಿಯಾಗುತ್ತಾ ಬಂದಿರುತ್ತದೆ, ಕಾಡೆಲ್ಲ ಇನ್ನೂ ಹಸಿರು. ಏಪ್ರಿಲ್–ಮೇನಲ್ಲಿ ಹೋದರೆ ಬರೀ ಬಂಡೆ ನೋಡಿ ಬರಬೇಕಾಗುತ್ತದೆ. ಜುಲೈನಲ್ಲಿ ಹೊಳೆ ಭಯಂಕರ ಚೆಂದ, ಆದರೆ ಹತ್ತಿರ ಹೋಗಲು ಆಗುವುದಿಲ್ಲ. ಆಗುಂಬೆ ಪಕ್ಕದಲ್ಲೇ ಇದೆ ಅನ್ನುವುದು ನೆನಪಿರಲಿ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ ಅದು.

ಮೇಲ್ಭಾಗಕ್ಕೆ ಹೋಗುವ ದಿನ ಶೃಂಗೇರಿ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನ ದೇವಸ್ಥಾನದ ಬಾಗಿಲು ಮುಚ್ಚುತ್ತಾರೆ. ಎಲ್ಲರೂ ನೇರ ಶಾರದಾಂಬೆಯ ಗುಡಿಗೆ ಹೋಗಿ, ಊಟ ಮಾಡಿ, ಮೀನಿಗೆ ಪುರಿ ಹಾಕಿ, ಬಂದುಬಿಡುತ್ತಾರೆ. ಪಕ್ಕದಲ್ಲೇ ಇರುವ ವಿದ್ಯಾಶಂಕರ ದೇವಸ್ಥಾನವನ್ನು ಹೊರಗಿಂದ ಒಂದು ಸುತ್ತು ಹಾಕಿ ಬಿಟ್ಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಅದು 14ನೇ ಶತಮಾನದ್ದು, ವಿಜಯನಗರದ ಆರಂಭದ ಕಾಲ. ಒಳಗೆ 12 ಕಂಬ, ಒಂದೊಂದಕ್ಕೆ ಒಂದೊಂದು ರಾಶಿ. ಸೂರ್ಯ ಯಾವ ರಾಶಿಯಲ್ಲಿ ಇರುತ್ತಾನೋ ಆ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ ಅಂತ ಹೇಳಿಕೆ. ಕಂಬದಲ್ಲಿ ಕೆತ್ತಿರುವ ಸಿಂಹದ ಬಾಯೊಳಗೆ ಕಲ್ಲಿನ ಗುಂಡು ಇದೆ, ಅಲ್ಲಾಡುತ್ತದೆ, ಹೊರಗೆ ಬರುವುದಿಲ್ಲ. ಮಕ್ಕಳಿಗೆ ತಮ್ಮ ತಮ್ಮ ರಾಶಿಯ ಕಂಬ ಹುಡುಕಲು ಹೇಳಿ. ಅಮ್ಮನಿಗೆ ಎಲ್ಲರ ರಾಶಿಯೂ ಬಾಯಿಪಾಠ, ಅವರೇ ಗೈಡ್.

ಆಮೇಲೆ ಮೆಟ್ಟಿಲಿಳಿದು ಹೊಳೆಗೆ. ಅಲ್ಲಿನ ಮೀನುಗಳು ಎಷ್ಟು ದೊಡ್ಡವು ಅಂದರೆ ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅಲ್ಲಿ ಹಿಡಿಯುವ ಹಾಗಿಲ್ಲ, ಅದಕ್ಕೇ ಆ ಧೈರ್ಯ ಅವಕ್ಕೆ. ಕಪ್ಪೆ ಶಂಕರವೂ ಅಲ್ಲೇ ಇದೆ. ಬಿಸಿಲಿನಲ್ಲಿ ಒದ್ದಾಡುತ್ತಿದ್ದ ಗರ್ಭಿಣಿ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಹಿಡಿದಿತ್ತಂತೆ, ಅದನ್ನು ಕಂಡು ಶಂಕರಾಚಾರ್ಯರು ಮಠಕ್ಕೆ ಇದೇ ಜಾಗ ಅಂದರಂತೆ. ಸೇತುವೆ ದಾಟಿದರೆ ಆಚೆ ದಡದಲ್ಲಿ ನರಸಿಂಹವನ. ಗುರುಗಳ ದರ್ಶನ ಮಾಡಬೇಕೆಂದರೆ ಗಂಡಸರು ಪಂಚೆ ತೆಗೆದುಕೊಂಡು ಹೋಗಿ, ಪ್ಯಾಂಟಿನಲ್ಲಿ ಆಗುವುದಿಲ್ಲ. ಭಾವ, ಇದು ನಿಮಗೇ ಹೇಳಿದ್ದು.

ಸಮಯ ಉಳಿದರೆ ಕಿಗ್ಗ, ಋಷ್ಯಶೃಂಗರ ಗುಡಿ. ಮಳೆಯ ದೇವರು ಅಂತ ನಂಬಿಕೆ, ಬರ ಬಂದಾಗ ಇಲ್ಲಿಗೆ ಬಂದು ಪೂಜೆ ಮಾಡಿಸುತ್ತಾರೆ. ಅಲ್ಲಿಂದ ಮುಂದೆ ಸಿರಿಮನೆ ಜಲಪಾತ. ಅದಕ್ಕೆ ಮೆಟ್ಟಿಲು ಇಳಿಯಬೇಕು, ಅಮ್ಮನಿಗೆ ಮಂಡಿ ನೋವಿದ್ದರೆ ಕಿಗ್ಗದಲ್ಲೇ ಕೂರಿಸಿ ಹೋಗಿ. ಹೊರನಾಡು ಈ ಸಲ ಬಿಡಿ. ಘಾಟಿ ರಸ್ತೆ, ಮಕ್ಕಳಿಗೆ ವಾಂತಿ, ದಿನವೇ ಹೋಗಿಬಿಡುತ್ತದೆ.

ವಾಪಸ್ ಬರುವಾಗ ಕೊಪ್ಪದ ಮೇಲೆ ಬಂದರೆ ದಾರಿಯಲ್ಲಿ ಕುಪ್ಪಳಿ. ಕುವೆಂಪು ಅವರ ಮನೆ, ಈಗ ಅದು ವಸ್ತುಸಂಗ್ರಹಾಲಯ. ತೊಟ್ಟಿಮನೆ, ಮರದ ಕಂಬಗಳು, ಹಳೆಯ ಕಾಲದ ಅಡುಗೆಮನೆ ಸಾಮಾನು. ಅಮ್ಮ ಅಲ್ಲಿಂದ ಹೊರಗೆ ಬರುವುದೇ ಇಲ್ಲ ನೋಡಿ, ಒಂದೊಂದು ಪಾತ್ರೆ ಹಿಡಿದು ಇದು ನಮ್ಮನೆಯಲ್ಲೂ ಇತ್ತು ಅನ್ನುತ್ತಾರೆ. ಸಂಜೆ ಕವಿಶೈಲಕ್ಕೆ ಹತ್ತಿ. 1994ರಲ್ಲಿ ಅವರ ಅಂತ್ಯಸಂಸ್ಕಾರ ಆದದ್ದೂ ಅಲ್ಲೇ. ಸೂರ್ಯಾಸ್ತ ಮುಗಿದ ಮೇಲೆ ತೀರ್ಥಹಳ್ಳಿ ಹತ್ತಿರ, 20 ಕಿಲೋಮೀಟರಿಗೂ ಕಡಿಮೆ.

ತೀರ್ಥಹಳ್ಳಿ ಹತ್ತಿರವೇ ಚಿಬ್ಬಲಗುಡ್ಡೆ ಅಂತ ಇದೆ. ತುಂಗೆಯಲ್ಲೇ ಒಂದು ಮತ್ಸ್ಯಧಾಮ, ಗಣಪತಿ ಗುಡಿ. ಶೃಂಗೇರಿಯಷ್ಟು ಜನ ಇರುವುದಿಲ್ಲ. ಒಂದೇ ಕಡೆ ಮೀನು ನೋಡುವುದಾದರೆ ನಾನು ಇದನ್ನೇ ಆರಿಸುತ್ತೇನೆ. ಆದರೆ ನೀರಿಗೆ ಇಳಿಯುವ ವಿಷಯದಲ್ಲಿ ಹುಷಾರು. ತುಂಗೆಯ ತಳ ಬಂಡೆ, ಮೇಲೆ ಪಾಚಿ, ಮಧ್ಯೆ ಮಧ್ಯೆ ಗುಂಡಿ. ಮೊಣಕಾಲು ನೀರು ಅಂತ ಕಾಣುವ ಜಾಗದ ಪಕ್ಕದಲ್ಲೇ ಆಳ ಇರುತ್ತದೆ. ಮಕ್ಕಳು ಕಾಲು ಇಳಿಬಿಟ್ಟು ಮೆಟ್ಟಿಲ ಮೇಲೆ ಕೂರಲಿ, ಸಾಕು. ಊರಿನವರು ಇಳಿಯುವ ಕಡೆ ಬಿಟ್ಟು ಬೇರೆ ಕಡೆ ದೊಡ್ಡವರೂ ಇಳಿಯಬೇಡಿ.

ಮೂರನೇ ದಿನ ಹೊಳೆ ಜೊತೆ ಕೆಳಗೆ ಬನ್ನಿ. ಇದು ನಿಜವಾಗಲೂ ಚೆಂದದ ದಾರಿ, ಶಿವಮೊಗ್ಗಕ್ಕೆ 60 ಕಿಲೋಮೀಟರ್ ಆಸುಪಾಸು, ಹೊಳೆ ಆಗಾಗ ಪಕ್ಕಕ್ಕೆ ಬಂದು ಹೋಗುತ್ತದೆ. ಅರ್ಧ ದಾರಿಯಲ್ಲಿ ಮಂಡಗದ್ದೆ. ಹೊಳೆಯ ಮಧ್ಯೆ ಒಂದು ಪುಟ್ಟ ನಡುಗಡ್ಡೆ, ಒಂದು ಎಕರೆ ಚಿಲ್ಲರೆ ಅಷ್ಟೆ. ಮಳೆಗಾಲದಲ್ಲಿ ನೆಲವೆಲ್ಲ ಮುಳುಗಿ ಮರಗಳ ತಲೆ ಮಾತ್ರ ಕಾಣುತ್ತದೆ, ಆ ತಲೆಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಸುತ್ತ ನೀರು ಇದ್ದರೆ ಮರಿ, ಮೊಟ್ಟೆ ಕದಿಯುವ ಪ್ರಾಣಿ ಬರುವುದು ಕಷ್ಟ, ಅದೇ ಅವುಗಳ ಲೆಕ್ಕ. ರಸ್ತೆ ಪಕ್ಕದಿಂದಲೇ ಕಾಣುತ್ತದೆ, ನಡೆಯುವ ಕೆಲಸ ಇಲ್ಲ. ನವೆಂಬರ್ ದಾಟಿದರೆ ಹಕ್ಕಿ ಖಾಲಿ, ಅದಕ್ಕೂ ಸೇರಿಸಿಯೇ ಅಕ್ಟೋಬರ್ ಅಂದದ್ದು.

ಮುಂದೆ ಸಕ್ರೆಬೈಲು, ಆನೆ ಬಿಡಾರ. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುತ್ತಾರೆ. ಅದು ಬೆಳಗಿನ ಕೆಲಸ, ತಡ ಮಾಡಿದರೆ ಆನೆಗಳು ಕಾಡಿಗೆ ಹೋಗಿರುತ್ತವೆ. ಏಳು ಗಂಟೆಗೇ ತೀರ್ಥಹಳ್ಳಿ ಬಿಡಬೇಕು. ತಿಂಡಿ ಕಟ್ಟಿಸಿಕೊಂಡು ಹೊರಡಿ.

ಶಿವಮೊಗ್ಗ ದಾಟಿ 15 ಕಿಲೋಮೀಟರ್ ಹೋದರೆ ಕೂಡಲಿ. ಇದನ್ನು ಮಾತ್ರ ಬಿಡಬೇಡಿ. ತುಂಗೆ, ಭದ್ರೆ ಎರಡೂ ಹುಟ್ಟುವುದು ಒಂದೇ ಕಡೆ, ವರಾಹ ಪರ್ವತದ ಗಂಗಾಮೂಲದಲ್ಲಿ. ಅಲ್ಲಿಂದ ಬೇರೆಯಾಗಿ ಒಬ್ಬಳು ಶೃಂಗೇರಿ, ತೀರ್ಥಹಳ್ಳಿ ಅಂತ ಬರುತ್ತಾಳೆ. ಇನ್ನೊಬ್ಬಳು ಕಳಸ, ಬಾಳೆಹೊನ್ನೂರು, ಭದ್ರಾವತಿ ಸುತ್ತಿಕೊಂಡು ಬರುತ್ತಾಳೆ. ಮತ್ತೆ ಸೇರುವುದು ಇಲ್ಲಿ. ಮೇಲಿಂದ ಹೊಳೆ ಜೊತೆಗೇ ಬಂದವರಿಗೆ ಈ ಜಾಗ ನೋಡಿದಾಗ ಆಗುವ ಖುಷಿ, ಸುಮ್ನೆ ಬೆಂಗಳೂರಿಂದ ನೇರ ಬಂದು ಇಳಿದವರಿಗೆ ಆಗುವುದಿಲ್ಲ. ಹೊಯ್ಸಳರ ಕಾಲದ ರಾಮೇಶ್ವರ, ಸಂಗಮೇಶ್ವರ ಗುಡಿಗಳಿವೆ, ಮಠಗಳಿವೆ, ಊರು ಮಾತ್ರ ನಿದ್ದೆಯಲ್ಲಿರುವ ಹಾಗೆ. ಇಲ್ಲಿಂದ ತುಂಗಭದ್ರೆ ಅಂತ ಹೆಸರು ಬದಲಾಗಿ 531 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುತ್ತದೆ. ಗಂಗಾ ಸ್ನಾನ, ತುಂಗಾ ಪಾನ ಅಂತ ಅಮ್ಮ ಹೇಳುತ್ತಲೇ ಇರುತ್ತಾರಲ್ಲ. ಅಮ್ಮಾ, ಗಾದೆ ಸರಿ, ಆದರೆ ಈಗ ಹೊಳೆ ನೀರು ನೇರವಾಗಿ ಕುಡಿಯಬೇಡ. ತಲೆಗೆ ಚಿಮುಕಿಸಿಕೊಂಡರೆ ಸಾಕು.

ಹರಿಹರ ಬೇಕೇ ಬೇಕು ಅಂದರೆ ಕೂಡಲಿಯಿಂದ ಮುಂದೆ ಇನ್ನಷ್ಟು ದೂರ. ಹರಿಹರೇಶ್ವರ ಗುಡಿ ಚೆನ್ನಾಗಿದೆ, 1220ರ ದಶಕದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅರ್ಧ ಶಿವ, ಅರ್ಧ ವಿಷ್ಣು ಇರುವ ಒಂದೇ ವಿಗ್ರಹ. ಆದರೆ ಆನೆ ನೋಡಿ, ಕೂಡಲಿ ನೋಡಿ, ಅದನ್ನೂ ಸೇರಿಸಿದರೆ ಮತ್ತೆ ಓಟವೇ ಆಗುತ್ತದೆ.

ಭಾವನಿಗೆ ಕಾವೇರಿಯೇ ಬೇಕು ಅಂದರೆ ಅದಕ್ಕೆ ಬೇರೆ ಒಂದು ದಿನ ಇಡೋಣ, ಬೆಂಗಳೂರಿಂದ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಶ್ರೀರಂಗಪಟ್ಟಣ ಒಂದೇ ಸಾಕು. ಆ ಊರನ್ನೂ ಎಲ್ಲರೂ ತಪ್ಪಾಗಿ ನೋಡುತ್ತಾರೆ. ಅದು ದ್ವೀಪ ಅನ್ನುವುದು ಗಮನಕ್ಕೇ ಬರುವುದಿಲ್ಲ. ರಂಗನಾಥಸ್ವಾಮಿ ದರ್ಶನ ಆದ ಮೇಲೆ 1804ರ ವೆಲ್ಲೆಸ್ಲಿ ಸೇತುವೆ ಹತ್ತಿರ ಹೋಗಿ ನಿಲ್ಲಿ, ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು, ಪೂರ್ತಿ ಕಲ್ಲಿನ ಕಂಬಗಳು. ಆಗ ಗೊತ್ತಾಗುತ್ತದೆ ಹೊಳೆ ಊರನ್ನು ಹೇಗೆ ಬಳಸಿಕೊಂಡಿದೆ ಅಂತ. ದರಿಯಾ ದೌಲತ್ 1784ರದ್ದು, ತೇಗದ ಕಟ್ಟಡ, ಗೋಡೆ ತುಂಬಾ ಯುದ್ಧದ ಚಿತ್ರ. ರಂಗನತಿಟ್ಟು ದೋಣಿಗೆ ಹೋಗುವ ಮೊದಲು ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದಾರಾ ಕೇಳಿಕೊಳ್ಳಿ, ಹೊಳೆ ಜೋರಾದರೆ ದೋಣಿ ನಿಲ್ಲಿಸುತ್ತಾರೆ. ತಲಕಾಡು ಇನ್ನೊಂದು ಸಲ, ಆ ಮರಳಿನಲ್ಲಿ ಅಮ್ಮನನ್ನು ನಡೆಸುವುದು ಬೇಡ.

ಈಗ ಕೆಲಸದ ಮಾತು. ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಬಾಡಿಗೆ ಗಾಡಿ, ಇದು ನನ್ನ ಸಲಹೆ. ಭಾವ ಮೂರು ದಿನ ಡ್ರೈವ್ ಮಾಡಿ ಸುಸ್ತಾಗುವುದು ಬೇಡ. ರೂಮು ಹೊಳೆ ಹತ್ತಿರ, ನೆಲಮಹಡಿಯಲ್ಲಿ ಕೇಳಿ. ಛತ್ರಿ ಇರಲಿ, ಅಕ್ಟೋಬರಿನಲ್ಲೂ ಸಂಜೆ ಮಳೆ ಬರುತ್ತದೆ ಅಲ್ಲಿ. ಇಂಬಳದ ಕಾಟ ಇರುತ್ತದೆ, ಸ್ವಲ್ಪ ಸುಣ್ಣವೋ ಉಪ್ಪೋ ಇಟ್ಟುಕೊಳ್ಳಿ. ಎಷ್ಟು ಜನ, ಯಾವ ದಿನ ಅಂತ ಅಕ್ಕ ಇವತ್ತು ರಾತ್ರಿ ಹೇಳಿದರೆ ರೈಲು ಟಿಕೆಟ್ ನಾನೇ ನೋಡುತ್ತೇನೆ. ರಜೆ ಸಮಯ, ಬೇಗ ತುಂಬಿಬಿಡುತ್ತದೆ.