ಜಾಮ್ ಗ್ಯಾಲರಿ ಮುಚ್ಚಿದ್ದು ಯಾಕೆ?

ಪ್ರಶ್ನೆ: ನ್ಯೂಯಾರ್ಕಿನ ಜಸ್ಟ್ ಅಬೌವ್ ಮಿಡ್‌ಟೌನ್ ಅನ್ನುವ ಕಲಾ ಗ್ಯಾಲರಿ ಬಗ್ಗೆ ಓದುತ್ತಿದ್ದೇನೆ. ಚಿಕ್ಕದಾಗಿ ಎಲ್ಲರೂ ಜಾಮ್ ಅನ್ನುತ್ತಾರೆ. ಕಪ್ಪು ಕಲಾವಿದರಿಗೆ ಜಾಗ ಕೊಡಬೇಕು ಅಂತ ಲಿಂಡಾ ಗೂಡ್ ಬ್ರಯಂಟ್ 1974ರಲ್ಲಿ ತೆರೆದರು. 1986ಕ್ಕೆ ಮುಚ್ಚಿತು. ಕೈಯಲ್ಲಿ ಕಾಸಿಲ್ಲದವರು ಕಪ್ಪು ಜನರ ಬಡಾವಣೆ ಹಾರ್ಲೆಮ್ ಬಿಟ್ಟು ದುಬಾರಿ 57ನೇ ರಸ್ತೆಗೆ ಯಾಕೆ ಹೋದರು? ಅಲ್ಲೇ ಎಡವಿದರು ಅನ್ನಿಸುತ್ತೆ.

ಉತ್ತರ 1: ನಾನು ಲೆಕ್ಕ ಬರೆಯುವವಳು, ಕಲೆ ಅಷ್ಟಕ್ಕಷ್ಟೇ. 2022ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಜಾಮ್ ಬಗ್ಗೆಯೇ ಒಂದು ಪ್ರದರ್ಶನ ಇತ್ತು, ಹೋಗಿದ್ದೆ. ಅಲ್ಲಿ ಗ್ಯಾಲರಿಯ ಬಾಕಿ ಬಿಲ್ಲುಗಳನ್ನೂ ಇಟ್ಟಿದ್ದರು! ಕಟ್ಟಿ, ಕಟ್ಟಿ ಅಂತ ಬಂದ ನೋಟಿಸುಗಳು. ಜೊತೆಗೆ ಬಂದವರು ಮುಂದಿನ ಕೋಣೆಗೆ ಹೋದರೂ ನಾನು ಅಲ್ಲೇ ನಿಂತಿದ್ದೆ. ಇಂಥ ಕಾಗದ ನಮ್ಮ ಕೈಗೆ ಬಂದರೆ ಫೈಲಿಗೆ ಸೇರಿಸಿ ಮರೆತುಬಿಡುತ್ತೇವೆ. ಲಿಂಡಾ ಅಷ್ಟು ವರ್ಷ ಜೋಪಾನ ಮಾಡಿದ್ದಾರೆ.

57ನೇ ರಸ್ತೆ ತಪ್ಪು ಲೆಕ್ಕ ಅನ್ನುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡ ಗ್ಯಾಲರಿಗಳೆಲ್ಲ ಇದ್ದದ್ದು ಅಲ್ಲೇ. ಆಕೆ ಅದಕ್ಕೂ ಮೊದಲು ಹಾರ್ಲೆಮ್‌ನ ಸ್ಟುಡಿಯೋ ಮ್ಯೂಸಿಯಂನಲ್ಲಿ ಕೆಲಸ ಮಾಡಿದ್ದರು, ಹಾರ್ಲೆಮ್ ಗೊತ್ತಿಲ್ಲದೆ ಬಿಟ್ಟದ್ದಲ್ಲ. ಕೊಳ್ಳುವವರು ಓಡಾಡುವ ಕಡೆಯೇ ಅಂಗಡಿ ಇಡಬೇಕು, ಅಲ್ವಾ? ಸಾವಿರ ಡಾಲರ್ ಬಾಡಿಗೆಯನ್ನು ಚೌಕಾಸಿ ಮಾಡಿ 300ಕ್ಕೆ ಇಳಿಸಿದರಂತೆ. ಆಗ ವಯಸ್ಸು 25, ಎರಡು ಮಕ್ಕಳ ತಾಯಿ.

ಉತ್ತರ 2: ಬಾಡಿಗೆ ಸರಿ, ಮಾರಾಟ? 1975ರಲ್ಲಿ ಕಪ್ಪು ಕಲಾವಿದ ಡೇವಿಡ್ ಹ್ಯಾಮನ್ಸ್ ಅಲ್ಲಿ ಇಟ್ಟಿದ್ದು ಜಿಡ್ಡು ಹಿಡಿದ ಕಾಗದದ ಚೀಲ, ತಿಂದು ಬಿಟ್ಟ ಮಾಂಸದ ಮೂಳೆ, ಕೂದಲು. ಆಮೇಲೆ ಕಲಾವಿದೆ ಸೆಂಗಾ ನೆಂಗುಡಿ ಹೆಂಗಸರ ನೈಲಾನ್ ಕಾಲುಚೀಲಕ್ಕೆ ಮರಳು ತುಂಬಿ, ಜಗ್ಗಿ, ಗೋಡೆಗೆ ಬಿಗಿದಿದ್ದರು. ಇದನ್ನು ಮನೆಗೆ ಒಯ್ದು ಎಲ್ಲಿ ತೂಗುಹಾಕುವುದು? ಬಿಳಿಯರ ಗ್ಯಾಲರಿಯಲ್ಲಿ ತನ್ನ ಕೆಲಸ ಇಡುವುದಿಲ್ಲ ಅಂತ ಹ್ಯಾಮನ್ಸ್ ಹೇಳಿದ್ದಕ್ಕೇ, ಹಾಗಾದರೆ ನಾನೇ ಒಂದು ಶುರು ಮಾಡುತ್ತೇನೆ ಅಂತ ಲಿಂಡಾ ಹೊರಟದ್ದು. ಮಾರುವ ಮಾತು ಆಮೇಲಿನದು.

ಉತ್ತರ 3: ಒಳಗಿನವರೂ ಸುಮ್ನೆ ಬಿಡಲಿಲ್ಲ. 1980ರಲ್ಲಿ ಗ್ಯಾಲರಿ ನ್ಯೂಯಾರ್ಕಿನದೇ ಟ್ರೈಬೆಕಾ ಬಡಾವಣೆಗೆ ಹೋದಾಗ, ಕಪ್ಪು ಕಲಾವಿದೆ ಲೊರೇನ್ ಒಗ್ರೇಡಿ 180 ಜೊತೆ ಬಿಳಿ ಕೈಗವಸುಗಳಿಂದ ಹೊಲಿದ ಗೌನು ತೊಟ್ಟು ನುಗ್ಗಿದರು. ಚಾವಟಿಯಿಂದ ತಮಗೇ ಹೊಡೆದುಕೊಂಡು, ಕಪ್ಪು ಕಲಾವಿದರು ಇನ್ನೂ ಜಾಸ್ತಿ ಧೈರ್ಯ ಮಾಡಬೇಕು ಅಂತ ಕೂಗಿದರು. ಬಾಗಿಲು ತೆರೆದುಕೊಟ್ಟವರ ಮನೆಯಲ್ಲೇ ಬೈಗುಳ!

ಪ್ರಶ್ನೆ ಕೇಳಿದವನು: ಅಂದರೆ ಮುಚ್ಚಿದ್ದು ಸಾಲದಿಂದಲೇ ತಾನೇ?

ಉತ್ತರ 1: ಸಾಲ ಶುರುವಿನಿಂದಲೂ ಇತ್ತು. ನನಗೆ ಅಚ್ಚರಿ ಅದು ಮುಚ್ಚಿದ್ದಲ್ಲ, ಅಂಥ ಖಾತೆ ಇಟ್ಟುಕೊಂಡು 12 ವರ್ಷ ಬಾಗಿಲು ತೆರೆದಿದ್ದು. ನನ್ನ ಬಳಿ ಬಂದಿದ್ದರೆ ಎರಡನೇ ವರ್ಷವೇ ಮುಚ್ಚಿ ಅಂತಿದ್ದೆ. ಆಗ ಆ ಕಾಲುಚೀಲದ ಮರಳು ಅಲ್ಲಿ ತೂಗುತ್ತಲೇ ಇರಲಿಲ್ಲ. ಅದು ಬಂದದ್ದು 1977ರಲ್ಲಿ.