ವ್ಯಾನ್ ಗೋ ಕಲಾಶಾಲೆಗೆ ಹೋಗಿದ್ದ

ದೊಡ್ಡಪ್ಪ: (ಫಾರ್ವರ್ಡ್ ಆಗಿ ಬಂದ ಸಂದೇಶ) “ಪ್ರಸಿದ್ಧ ಡಚ್ ಚಿತ್ರಕಾರ ವ್ಯಾನ್ ಗೋ ಯಾವ ಕಲಾಶಾಲೆಯ ಮೆಟ್ಟಿಲನ್ನೂ ತುಳಿಯಲಿಲ್ಲ. ಕಲೆ ಹುಟ್ಟಿನಿಂದ ಬರುವುದೇ ಹೊರತು ಪದವಿಯಿಂದಲ್ಲ. ಎಂ.ಎಫ್.ಎ. ಎಂಬ ಲಲಿತಕಲೆಯ ಸ್ನಾತಕೋತ್ತರ ಪದವಿ ಮಾಡಲು ಹೊರಟವರು ಇದನ್ನೊಮ್ಮೆ ಓದಬೇಕು.”

ದೊಡ್ಡಪ್ಪ: ಮಗುವಿನ ಪ್ರವೇಶದ ವಿಚಾರ ತೀರ್ಮಾನವಾಗಬೇಕಾಗಿರುವುದರಿಂದ ಇದನ್ನು ಇಲ್ಲಿ ಹಾಕಿದ್ದೇನೆ. ಅವಳಿಗೆ ಕಸುಬು ಈಗಾಗಲೇ ಕೈಗೆ ಹತ್ತಿದೆ. ಇನ್ನೂ ಎರಡು ವರ್ಷ ವಿದ್ಯಾರ್ಥಿನಿಯಾಗಿಯೇ ಉಳಿದರೆ ಹೊಸದಾಗಿ ಏನು ದಕ್ಕುತ್ತದೆ ಎಂಬುದು ನನಗೆ ತಿಳಿಯುತ್ತಿಲ್ಲ.

ನಾನು: ದೊಡ್ಡಪ್ಪ, ತಂಗಿಯ ಓದಿನ ಬಗ್ಗೆ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಆದರೆ ಆ ಸಂದೇಶದ ಮೊದಲ ಮಾತೇ ಸುಳ್ಳು. ವ್ಯಾನ್ ಗೋ 1880ರ ಕೊನೆಯಲ್ಲಿ ಬ್ರಸೆಲ್ಸ್‌ನ ಅಕಾಡೆಮಿಗೆ ಸೇರಿದ್ದ. ಆಮೇಲೆ ಹೇಗ್‌ನಲ್ಲಿ ಆಂಟನ್ ಮಾವ್ ಎಂಬ ಚಿತ್ರಕಾರನಿಂದ ಪಾಠ ಹೇಳಿಸಿಕೊಂಡ. 1886ರ ಜನವರಿಯಲ್ಲಿ ಆಂಟ್ವರ್ಪ್‌ನ ಅಕಾಡೆಮಿಗೆ ಸೇರಿ, ಅಲ್ಲಿನ ಶಿಕ್ಷಕರೊಂದಿಗೆ ಹೊಂದಿಕೊಳ್ಳಲಾಗದೆ ಕೆಲವೇ ವಾರಗಳಲ್ಲಿ ಹೊರಬಂದ. ಅದೇ ವರ್ಷ ಪ್ಯಾರಿಸ್‌ನಲ್ಲಿ ಕೋರ್ಮನ್ ಎಂಬಾತನ ಸ್ಟುಡಿಯೋದಲ್ಲಿ ಅಭ್ಯಾಸ ಮಾಡಿದ. ಪದವಿ ಪಡೆಯಲಿಲ್ಲ ಎಂಬುದು ನಿಜ. ಆದರೆ ತುಲೂಸ್-ಲೋತ್ರೆಕ್, ಎಮಿಲ್ ಬರ್ನಾರ್ ಅವರಂತಹ ಸಮಕಾಲೀನರ ಒಡನಾಟ ಅವನಿಗೆ ಒದಗಿದ್ದು ಆ ಸ್ಟುಡಿಯೋದ ಬಳಗದಿಂದ. ಗುರುವಿನಿಂದ ಕಲಿತದ್ದಕ್ಕಿಂತ ಹೆಚ್ಚಿನದನ್ನು ಅವನು ಅವರಿಂದ ಪಡೆದ ಎಂದೇ ನಾನು ನಂಬಿದ್ದೇನೆ.

ಅಣ್ಣ: ಒಡನಾಟಕ್ಕಾಗಿ ಶುಲ್ಕ ಕಟ್ಟಬೇಕೇ? ಎಂ.ಬಿ.ಎ. ಮುಗಿಸಿದವನಿಗೆ ಸಾಲ ತೀರಿಸುವ ಸಂಬಳವಾದರೂ ಬರುತ್ತದೆ. ಎಂ.ಎಫ್.ಎ. ಮುಗಿಸಿದವರಿಗೆ ಅಂತಹ ಭರವಸೆಯನ್ನು ಯಾರೂ ಕೊಡುವುದಿಲ್ಲ.

ಚಿಕ್ಕಮ್ಮ: ಭಾವ ಹೇಳುವುದನ್ನೂ ನಾನು ಒಪ್ಪಲಾರೆ, ಮಗನೇ, ನೀನು ಹೇಳುವುದನ್ನೂ ಪೂರ್ತಿ ಒಪ್ಪಲಾರೆ. ಪದವಿಯಿದ್ದರೆ ಅವಳು ಕಾಲೇಜಿನಲ್ಲಿ ಪಾಠ ಹೇಳಬಹುದಲ್ಲ?

ನಾನು: ಚಿಕ್ಕಮ್ಮ, ಅದು ಅರ್ಧ ಸತ್ಯ. ಅಮೆರಿಕದ ಕಲಾ ಬೋಧಕರ ಸಂಘವಾದ ಕಾಲೇಜ್ ಆರ್ಟ್ ಅಸೋಸಿಯೇಷನ್, ಚಿತ್ರ, ಶಿಲ್ಪ ಮೊದಲಾದ ಸ್ಟುಡಿಯೋ ಕಲೆಯಲ್ಲಿ ಎಂ.ಎಫ್.ಎ.ಯನ್ನೇ ಅಂತಿಮ ಪದವಿ, ಅಂದರೆ ಆ ಕ್ಷೇತ್ರದ ಅತ್ಯುನ್ನತ ಪದವಿ ಎಂದು ಪರಿಗಣಿಸುತ್ತದೆ. ಒಂದೆರಡು ವರ್ಷಗಳ ಎಂ.ಎ.ಗೆ ಆ ಸ್ಥಾನವಿಲ್ಲ. ಆದ್ದರಿಂದ ಅಲ್ಲಿ ವಿಶ್ವವಿದ್ಯಾಲಯದ ಬೋಧಕ ಹುದ್ದೆಗೆ ಅರ್ಜಿ ಹಾಕುವವರು ಸಾಮಾನ್ಯವಾಗಿ ಈ ಪದವಿ ಪಡೆದಿರುತ್ತಾರೆ. ಆದರೆ ಅರ್ಜಿ ಹಾಕುವ ಅರ್ಹತೆ ಬೇರೆ, ಹುದ್ದೆ ಸಿಗುವುದು ಬೇರೆ. ಕಾಯಂ ಹುದ್ದೆಗಳಿಗಿಂತ ಅವುಗಳನ್ನು ಬಯಸುವವರು ಬಹಳ ಹೆಚ್ಚು. ಕೆಲಸ ಸಿಗಲೆಂದೇ ಅವಳು ಹೋಗುವುದಾದರೆ ಹೋಗಬೇಡ ಎಂದು ನಾನೇ ಹೇಳುತ್ತೇನೆ.

ದೊಡ್ಡಪ್ಪ: ಹಾಗಾದರೆ ಯಾತಕ್ಕೆ ಹೋಗಬೇಕು?

ನಾನು: ಸಮಯಕ್ಕೆ, ಉಪಕರಣಗಳಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಅವಳ ಕೆಲಸವನ್ನು ಪಟ್ಟುಹಿಡಿದು ನೋಡುವ ಕಣ್ಣುಗಳಿಗೆ. ನಾನು ಈ ಪದವಿ ಮಾಡಿದಾಗ ಕ್ರಿಟ್ ಎಂಬ ವಿಮರ್ಶಾ ಕೂಟಕ್ಕೆ ಹೆದರಿ ಹಿಂದಿನ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಗೋಡೆಗೆ ಕೆಲಸವನ್ನು ತೂಗುಹಾಕಿ ಸುಮ್ಮನೆ ನಿಲ್ಲಬೇಕು, ಹತ್ತು ಜನ ತಮಗೆ ಕಂಡದ್ದನ್ನು ಹೇಳುತ್ತಾರೆ, ನಾನು ಅಂದುಕೊಂಡದ್ದು ಅಲ್ಲಿ ಕಾಣಿಸದಿದ್ದರೆ ವಿವರಣೆ ಕೊಟ್ಟು ಪಾರಾಗುವಂತಿಲ್ಲ. ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್ ಕಲಾಶಾಲೆಯಲ್ಲಿ ಕಲಾವಿದ ಮೈಕೆಲ್ ಆಶರ್ ನಡೆಸುತ್ತಿದ್ದ ತರಗತಿಯಲ್ಲಿ ಬೆಳಿಗ್ಗೆ ಆರಂಭವಾದ ಇಂತಹ ಚರ್ಚೆ ರಾತ್ರಿಯವರೆಗೂ ಸಾಗುತ್ತಿತ್ತು. ಕಾಲೇಜು ಬಿಟ್ಟ ಮೇಲೆ ನನ್ನ ಒಂದು ಚಿತ್ರದ ಮುಂದೆ ಯಾರೂ ಅರ್ಧ ಗಂಟೆ ನಿಂತದ್ದು ನನಗೆ ನೆನಪಿಲ್ಲ.

ಚಿಕ್ಕಮ್ಮ: ಅವಳದು ಮೃದು ಮನಸ್ಸು. ಹತ್ತು ಜನ ಸೇರಿ ಎತ್ತಿ ಆಡಿದರೆ ಕೈಯಿಂದ ಕುಂಚವನ್ನೇ ಕೆಳಗಿಟ್ಟಾಳು ಎಂಬ ಭಯ ನನಗಿದೆ.

ನಾನು: ಆ ಭಯ ಸಕಾರಣವಾದದ್ದು, ಕ್ರಿಟ್ ಹೆಸರಿನಲ್ಲಿ ಸುಮ್ಮನೆ ನೋಯಿಸುವ ಶಿಕ್ಷಕರೂ ಇದ್ದಾರೆ. ಒಳ್ಳೆಯ ಶಿಕ್ಷಕರು ಏನು ಮಾಡಬಲ್ಲರು ಎಂಬುದಕ್ಕೆ ಅಮೆರಿಕದ ಶಿಲ್ಪಿ ಎಲಿಜಬೆತ್ ಕ್ಯಾಟ್ಲೆಟ್ ಅವರ ಉದಾಹರಣೆ ಸಾಕು. 1940ರಲ್ಲಿ ಅಯೋವಾ ವಿಶ್ವವಿದ್ಯಾಲಯ ತನ್ನ ಮೊತ್ತಮೊದಲ ಎಂ.ಎಫ್.ಎ. ಪದವಿಗಳನ್ನು ಕೊಟ್ಟಾಗ ಅವುಗಳಲ್ಲೊಂದನ್ನು ಪಡೆದವರು ಅವರು. ತನಗೆ ಚೆನ್ನಾಗಿ ಗೊತ್ತಿರುವುದನ್ನೇ ವಸ್ತುವಾಗಿ ಆರಿಸಿಕೊಳ್ಳಬೇಕೆಂದು ಅವರಿಗೆ ಹೇಳಿದವರು ಅಲ್ಲಿ ಕಲಿಸುತ್ತಿದ್ದ ಚಿತ್ರಕಾರ ಗ್ರಾಂಟ್ ವುಡ್. ಆ ಮಾತು ಹಿಡಿದು ಕ್ಯಾಟ್ಲೆಟ್ ಸುಣ್ಣಕಲ್ಲಿನಲ್ಲಿ ಕಪ್ಪು ಜನಾಂಗದ ತಾಯಿ-ಮಗುವನ್ನು ಕಡೆದರು. ಅದೇ ವರ್ಷ ಶಿಕಾಗೋದ ಪ್ರದರ್ಶನವೊಂದರಲ್ಲಿ ಆ ಶಿಲ್ಪಕ್ಕೆ ಮೊದಲ ಬಹುಮಾನ ಬಂತು. ಮುಂದೆ ಅವರು ಬದುಕಿನುದ್ದಕ್ಕೂ ಆ ವಸ್ತುವಿನ ಬಳಿಗೆ ಮರಳುತ್ತಲೇ ಇದ್ದರು.

ತಂಗಿ: ಅಕ್ಕ, ನಾನೂ ಒಂದು ಮಾತು ಹೇಳಬಹುದೇ? ನನ್ನದು ಮುದ್ರಣ ಕಲೆ. ತಾಮ್ರದ ಫಲಕವನ್ನು ಆಮ್ಲದಲ್ಲಿ ಅದ್ದಬೇಕು, ಆ ಹೊಗೆಯನ್ನು ಹೊರಗೆಳೆಯುವ ವ್ಯವಸ್ಥೆ ಬೇಕು, ಆಮೇಲೆ ಅಚ್ಚು ತೆಗೆಯಲು ಭಾರವಾದ ಎಚ್ಚಿಂಗ್ ಪ್ರೆಸ್ ಬೇಕು. ಇವುಗಳಲ್ಲಿ ಯಾವುದನ್ನೂ ಮನೆಯ ಕೋಣೆಯಲ್ಲಿ ಇಟ್ಟುಕೊಳ್ಳಲು ಸಾಧ್ಯವಿಲ್ಲ. ಕಾಲೇಜು ಮುಗಿದ ದಿನದಿಂದ ನಾನು ಒಂದೇ ಒಂದು ಫಲಕವನ್ನೂ ಮುದ್ರಿಸಿಲ್ಲ, ದೊಡ್ಡಪ್ಪ. ಕೈಗೆ ಹತ್ತಿದ ಕಸುಬು ಎಂದಿರಲ್ಲ, ಅದು ದಿನದಿಂದ ದಿನಕ್ಕೆ ಕೈ ಬಿಡುತ್ತಿದೆ.

ಅಣ್ಣ: ಇದು ನನಗೆ ಗೊತ್ತಿರಲಿಲ್ಲ. ಆದರೂ ಲೆಕ್ಕ ಲೆಕ್ಕವೇ. ಎರಡು ಕಡೆ ಪ್ರವೇಶ ಸಿಕ್ಕಿದೆ ಎಂದೆಯಲ್ಲ, ಯಾವುದರ ಷರತ್ತು ಏನು?

ತಂಗಿ: ಒಂದು ಬಹಳ ಹೆಸರಿರುವ ಶಾಲೆ, ಪೂರ್ತಿ ಶುಲ್ಕ ನಾವೇ ಕಟ್ಟಬೇಕು. ಇನ್ನೊಂದರ ಹೆಸರನ್ನು ಹೆಚ್ಚು ಜನ ಕೇಳಿಲ್ಲ, ಆದರೆ ಶುಲ್ಕ ಪೂರ್ತಿ ಮನ್ನಾ ಮಾಡಿ, ಬೋಧನಾ ಸಹಾಯಕಿಯ ಕೆಲಸಕ್ಕೆ ಭತ್ಯೆಯನ್ನೂ ಕೊಡುತ್ತಾರೆ.

ಚಿಕ್ಕಮ್ಮ: ಹೆಸರಿರುವ ಕಡೆ ಗ್ಯಾಲರಿಯವರು ಬಂದು ನೋಡುತ್ತಾರಂತೆ. ಸಾಲ ಹೇಗೋ ತೀರೀತು.

ನಾನು: ಇಲ್ಲಿ ಮಾತ್ರ ನಾನು ಅಣ್ಣನ ಪಕ್ಷ, ಚಿಕ್ಕಮ್ಮ. ಗ್ಯಾಲರಿಯವರು ಬರುವುದು ನಿಜವಿರಬಹುದು, ಎಲ್ಲರ ಕೆಲಸವನ್ನೂ ಒಯ್ಯುವುದಿಲ್ಲ. ಸಾಲದ ಕಂತು ಕಟ್ಟುವುದಕ್ಕಾಗಿಯೇ ದಿನವಿಡೀ ಬೇರೆ ಕೆಲಸಕ್ಕೆ ಹೋಗಬೇಕಾಗಿ ಬಂದು, ಎರಡು ವರ್ಷ ಕಷ್ಟಪಟ್ಟು ಬೆಳೆಸಿದ ಅಭ್ಯಾಸ ಮೂರನೆಯ ವರ್ಷದಲ್ಲೇ ನಿಂತುಹೋದ ಸಹಪಾಠಿಗಳನ್ನು ನಾನು ಕಂಡಿದ್ದೇನೆ. ಅವರಲ್ಲಿ ಇಬ್ಬರು ನನಗಿಂತ ಹೆಚ್ಚು ಪ್ರತಿಭೆಯುಳ್ಳವರು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಹಣದ ನೆರವಿನ ಮಾತನ್ನು ಬರವಣಿಗೆಯಲ್ಲಿ ಪಡೆಯುವುದೂ ಅಷ್ಟೇ ಮುಖ್ಯ. 2015ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಂ.ಎಫ್.ಎ. ಮೊದಲ ವರ್ಷದ ಏಳೂ ವಿದ್ಯಾರ್ಥಿಗಳು, ತಮಗೆ ಹೇಳಿದ್ದ ನೆರವು ಮತ್ತು ಪಠ್ಯಕ್ರಮ ಬದಲಾಯಿತೆಂದು ಪ್ರತಿಭಟಿಸಿ ಒಟ್ಟಿಗೇ ಹೊರನಡೆದರು.

ದೊಡ್ಡಪ್ಪ: ಹೆಸರಿಲ್ಲದ ಆ ಶಾಲೆಯಲ್ಲಿ ನೀನು ಹೇಳುವ ಕಣ್ಣುಗಳು ಇವೆಯೆಂದು ಯಾರು ಹೇಳಬೇಕು?

ನಾನು: ಅಲ್ಲಿ ಈಗ ಎರಡನೆಯ ವರ್ಷದಲ್ಲಿರುವವರು. ಮಾಹಿತಿ ಪುಸ್ತಿಕೆಯನ್ನು ಓದಿದರೆ ಇದು ತಿಳಿಯುವುದಿಲ್ಲ.

ತಂಗಿ: ಹಾಗಾದರೆ ಅವರಿಗೆ ಇಂದೇ ಬರೆಯುತ್ತೇನೆ. ರಾತ್ರಿ ಹೊತ್ತು ಪ್ರೆಸ್ ಬಳಸಲು ಬಿಡುತ್ತಾರೆಯೇ, ಮುದ್ರಣ ವಿಭಾಗದ ಶಿಕ್ಷಕರು ಬರುವ ವರ್ಷ ರಜೆಯಲ್ಲಿರುತ್ತಾರೆಯೇ, ತಿಂಗಳಿಗೆ ಎಷ್ಟು ಸಲ ಒಬ್ಬೊಬ್ಬರ ಸ್ಟುಡಿಯೋಗೆ ಬರುತ್ತಾರೆ, ಪಾಠ ಹೇಳಿ ಉಳಿದ ಸಮಯ ಸ್ವಂತ ಕೆಲಸಕ್ಕೆ ಸಾಲುತ್ತದೆಯೇ ಎಂದು ಕೇಳುತ್ತೇನೆ. ಬೇರೆ ಏನಾದರೂ ಕೇಳಬೇಕೇ, ಅಕ್ಕ?

ನಾನು: ಕ್ರಿಟ್ ಮುಗಿದ ಮರುದಿನ ಆ ವಿದ್ಯಾರ್ಥಿಗಳು ತಮ್ಮ ಸ್ಟುಡಿಯೋಗೆ ಹೋಗುತ್ತಾರೆಯೇ, ಇಲ್ಲವೇ ಎಂದು ಕೇಳು.

ದೊಡ್ಡಪ್ಪ: ಬಂದ ಉತ್ತರವನ್ನು ಇಲ್ಲಿಯೇ ಹಾಕು, ಮಗಳೇ. ಅದನ್ನು ಓದುವವರೆಗೆ ನನ್ನ ಅಭಿಪ್ರಾಯವನ್ನು ಬದಲಿಸಲಾರೆ. ವ್ಯಾನ್ ಗೋ ಕುರಿತ ಆ ಸಂದೇಶವನ್ನು ಮಾತ್ರ ಈಗಲೇ ಅಳಿಸುತ್ತೇನೆ.